ಏಪ್ರನ್ನಿನ ಜೋಕು, ಐದು ಹೆಸರು

2024ರ ಏಪ್ರಿಲ್ 13, ಶನಿವಾರ ರಾತ್ರಿ. ನ್ಯೂಯಾರ್ಕಿನ ‘ಸ್ಯಾಟರ್ಡೇ ನೈಟ್ ಲೈವ್’ ಕಾರ್ಯಕ್ರಮದಲ್ಲಿ ಸುದ್ದಿಯ ಅಣಕ ನಡೆಯುತ್ತಿತ್ತು. ಸುದ್ದಿವಾಚಕನ ಕುರ್ಚಿಯಲ್ಲಿದ್ದ ಹಾಸ್ಯಗಾರ ಮೈಕೆಲ್ ಚೇ ಒಂದು ಸುದ್ದಿ ಓದಿದ: ಐಯೊವಾ ವಿಶ್ವವಿದ್ಯಾಲಯವು ತನ್ನ ಬ್ಯಾಸ್ಕೆಟ್‌ಬಾಲ್ ತಾರೆ ಕೇಟ್ಲಿನ್ ಕ್ಲಾರ್ಕ್ ತೊಟ್ಟ ಜೆರ್ಸಿಗೆ ಗೌರವಪೂರ್ವಕವಾಗಿ ನಿವೃತ್ತಿ ಕೊಡಲಿದೆಯಂತೆ, ಅದರ ಜಾಗಕ್ಕೆ ಏಪ್ರನ್ ಬರಲಿದೆಯಂತೆ. ಆಟ ಮುಗಿಯಿತು, ಇನ್ನು ಅಡುಗೆಮನೆಗೆ ನಡೆ ಎನ್ನುವ ಮಾತು. ಹೆಣ್ಣುಮಕ್ಕಳ ಆಟದ ಬಗ್ಗೆ ಇಂಥ ಜೋಕು ಚೇಗೆ ಹೊಸದಲ್ಲ, ವರ್ಷಗಳಿಂದ ಅವನ ಬತ್ತಳಿಕೆಯಲ್ಲಿದ್ದ ಬಾಣವೇ ಅದು. ಅಂದು ಮಾತ್ರ ಬಾಣ ಯಾರ ಮೇಲೆ ಹೊರಟಿತ್ತೋ ಆ ಹುಡುಗಿಯೇ ಬಂದು ಪಕ್ಕದಲ್ಲಿ ಕೂತಳು. ನಿನ್ನ ಏಪ್ರನ್ ಜೋಕು ಕೇಳಿಸಿತು ಎಂದಳು. ತಾನು ಬರೆದು ತಂದ ಜೋಕುಗಳನ್ನು ಅವನ ಬಾಯಿಂದಲೇ ಓದಿಸಿದಳು. ಎಲ್ಲವೂ ಅವನನ್ನೇ ಗೇಲಿ ಮಾಡುವಂಥವು. ಹೊರಡುವ ಮೊದಲು ತನ್ನ ಹಸ್ತಾಕ್ಷರ ಹಾಕಿದ ಏಪ್ರನ್ ಒಂದನ್ನು ಅವನ ಕೈಗಿತ್ತಳು.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳು ಆ ರಾತ್ರಿ ಕುಣಿದಾಡಿದರು. ಇವಳಿಗೆ ಅಂಗಳದಲ್ಲಿ ಮಾತ್ರವಲ್ಲ, ಮಾತಿನಲ್ಲೂ ಟೈಮಿಂಗ್ ಇದೆ ಎಂದು ಕೊಂಡಾಡಿದರು. ಸಾಮಾನ್ಯವಾಗಿ ಆಟಗಾರರನ್ನು ಹಾಸ್ಯ ಕಾರ್ಯಕ್ರಮಕ್ಕೆ ಕರೆದಾಗ ಅವರ ಅಭಿಮಾನಿಗಳು ಅಂಗೈ ಬೆವರಿಸಿಕೊಂಡು ಕೂರುತ್ತಾರೆ. ಸಾವಿರಾರು ಜನರೆದುರು ಚೆಂಡನ್ನು ಬುಟ್ಟಿಗೆ ಹಾಕುವವರು ಕ್ಯಾಮೆರಾ ಕಂಡೊಡನೆ ಮರದ ಬೊಂಬೆಯಂತಾಗುವುದನ್ನು ಅವರು ಎಷ್ಟೋ ಸಲ ನೋಡಿದ್ದಾರೆ. 22 ವರ್ಷದ ಕ್ಲಾರ್ಕ್ ಹಾಗಾಗಲಿಲ್ಲ. ಆದರೆ ಆ ಸಂಭ್ರಮಕ್ಕೆ ಅವಳ ಮಾತುಗಾರಿಕೆಯೊಂದೇ ಕಾರಣ ಎಂದು ನನಗನಿಸುವುದಿಲ್ಲ. ಕೆಲವೇ ನಿಮಿಷಗಳ ಒಂದು ತುಣುಕು ಅಷ್ಟು ಜನರ ಮನಸ್ಸನ್ನು ಯಾಕೆ ಹಾಗೆ ತಟ್ಟಿತು ಎನ್ನುವುದು ಬಿಡಿಸಿ ನೋಡಬೇಕಾದ ವಿಷಯ.

ಈ ಹುಡುಗಿ ಯಾರೆಂದು ಮೊದಲು ಹೇಳಿಬಿಡುತ್ತೇನೆ. ಐಯೊವಾ ಅಮೆರಿಕದ ನಡುಭಾಗದ, ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ರಾಜ್ಯ. ಅದರ ರಾಜಧಾನಿ ದಿ ಮೊಯ್ನ್‌ನಲ್ಲಿ ಹುಟ್ಟಿದ ಕ್ಲಾರ್ಕ್ ದೂರದ ಹೆಸರಾಂತ ಕಾಲೇಜುಗಳಿಗೆ ಹೋಗದೆ ತನ್ನ ರಾಜ್ಯದ ವಿಶ್ವವಿದ್ಯಾಲಯವನ್ನೇ ಆರಿಸಿಕೊಂಡಳು. ನಾಲ್ಕು ವರ್ಷಗಳಲ್ಲಿ 3,951 ಅಂಕ ಗಳಿಸಿದಳು. ಕಾಲೇಜು ಆಟದ ಮೇಲ್ದರ್ಜೆಯಲ್ಲಿ ಗಂಡಸರು, ಹೆಂಗಸರು ಯಾರೂ ಅಷ್ಟು ಗಳಿಸಿರಲಿಲ್ಲ. ಗಂಡಸರ ಆಟದಲ್ಲಿ ಪೀಟ್ ಮಾರವಿಚ್ ಅವರ 3,667 ಅಂಕಗಳ ದಾಖಲೆ 1970ರಿಂದ ಅಲುಗಾಡದೆ ನಿಂತಿತ್ತು. 2024ರ ಮಾರ್ಚ್ 3ರಂದು ಅವಳು ಅದನ್ನೂ ದಾಟಿದಳು. ಮಾರವಿಚ್ ಆಡಿದ್ದು ಮೂರೇ ವರ್ಷ, ಆಗ ದೂರದ ಎಸೆತಕ್ಕೆ ಮೂರು ಅಂಕ ಕೊಡುವ ಗೆರೆಯೂ ಇರಲಿಲ್ಲ ಎಂಬ ವಾದವಿದೆ, ಅದು ನ್ಯಾಯವಾದ ವಾದವೇ. ಆದರೆ ಜನ ಅವಳನ್ನು ನೋಡಲು ಬಂದದ್ದು ಬರೀ ಲೆಕ್ಕಕ್ಕಾಗಿ ಅಲ್ಲ. ಆ ಮೂರು ಅಂಕದ ಗೆರೆಯಿಂದ ಎಷ್ಟೋ ಹೆಜ್ಜೆ ಹಿಂದೆ, ಅಂಗಳದ ನಟ್ಟನಡುವೆ ಬಿಡಿಸಿದ ಲಾಂಛನದ ಹತ್ತಿರ ನಿಂತು ಚೆಂಡು ಎಸೆಯುತ್ತಾಳೆ. ಎದುರಾಳಿ ಕೈ ಎತ್ತುವಷ್ಟರಲ್ಲಿ ಚೆಂಡು ಬಲೆಯೊಳಗಿರುತ್ತದೆ. 2023ರ ಅಕ್ಟೋಬರಿನಲ್ಲಿ ಐಯೊವಾ ಸಿಟಿಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಅಂಗಳ ಹಾಸಿ, ಗಾಳಿ ಬೀಸುವ ಬಯಲಿನಲ್ಲೇ ಒಂದು ಪಂದ್ಯ ಇಟ್ಟರು. ಅದನ್ನು ನೋಡಲು ಬಂದವರು 55,646 ಜನ.

ಇನ್ನು ಕಾರ್ಯಕ್ರಮದ ವಿಷಯ. 1975ರ ಅಕ್ಟೋಬರಿನಿಂದ ನಡೆಯುತ್ತಿರುವ ‘ಸ್ಯಾಟರ್ಡೇ ನೈಟ್ ಲೈವ್’ ಹೆಸರಿಗೆ ತಕ್ಕಂತೆ ನೇರಪ್ರಸಾರ. ವಾರದ ನಡುವೆ ಬರಹ, ಶನಿವಾರ ಸಂಜೆ ಪ್ರೇಕ್ಷಕರೆದುರೇ ತಾಲೀಮು, ರಾತ್ರಿ ಹನ್ನೊಂದೂವರೆಗೆ ನಿಜವಾದ ಆಟ. ಕೊನೆ ಗಳಿಗೆಯಲ್ಲಿ ಬದಲಾದ ಸಾಲುಗಳನ್ನು ದೊಡ್ಡ ರಟ್ಟಿನ ಮೇಲೆ ಕೈಯಲ್ಲಿ ಬರೆದು ಕ್ಯಾಮೆರಾದ ಪಕ್ಕ ಹಿಡಿಯುತ್ತಾರೆ, ನಟರು ಅದನ್ನು ನೋಡಿ ಹೇಳುತ್ತಾರೆ. ‘ವೀಕೆಂಡ್ ಅಪ್‌ಡೇಟ್’ ಎಂಬ ಸುದ್ದಿ ಅಣಕ ಮೊದಲ ಕಂತಿನಿಂದಲೂ ಇದೆ. ಅದರಲ್ಲಿ ಚೇ ಮತ್ತು ಅವನ ಜೊತೆಗಾರ ಕಾಲಿನ್ ಜೋಸ್ಟ್ ವರ್ಷದಲ್ಲಿ ಕೆಲವು ಸಲ ಒಂದು ಆಟ ಆಡುತ್ತಾರೆ. ಒಬ್ಬ ಇನ್ನೊಬ್ಬನಿಗಾಗಿ ಜೋಕು ಬರೆಯುತ್ತಾನೆ, ಓದುವವನು ಮುಂಚೆ ಅದನ್ನು ನೋಡಿರುವುದಿಲ್ಲ. ಮುಜುಗರ ಪಡುತ್ತಲೇ ಓದಬೇಕು. ಕ್ಲಾರ್ಕ್ ಬರೆದದ್ದನ್ನು ಚೇ ಓದುವಾಗ ಕಾರ್ಯಕ್ರಮದ ಹಳೇ ಪ್ರೇಕ್ಷಕರಿಗೆ ನೆನಪಾದದ್ದು ಈ ಆಟ. ಬೇರೆಯವರನ್ನು ಸಿಕ್ಕಿಸುವವನು ತಾನೇ ಸಿಕ್ಕಿಬಿದ್ದ ಸುಖ ಅದು. ತಾಳಮದ್ದಳೆಯಲ್ಲಿ ಎದುರು ಅರ್ಥಧಾರಿ ಎಸೆದ ಮಾತನ್ನೇ ಹಿಡಿದು ಅವನಿಗೇ ಉತ್ತರ ಕಟ್ಟಿದಾಗ ಸಭೆ ಹೇಗೆ ತಲೆದೂಗುತ್ತದೋ ಹಾಗೆ ಜನ ತಲೆದೂಗಿದರು.

ಇದೆಲ್ಲ ಮೊದಲೇ ಬರೆದದ್ದಲ್ಲವೇ, ಚೇ ಒಪ್ಪಿ ಕೂತದ್ದಲ್ಲವೇ, ಇದರಲ್ಲೇನು ಗೆಲುವು ಎಂದು ಕೇಳುವವರಿದ್ದಾರೆ. ಹೌದು, ಬರೆದದ್ದೇ. ಚೇ ದೊಡ್ಡ ಮನಸ್ಸಿನಿಂದಲೇ ಪೆಟ್ಟು ತಿಂದ, ಅದಕ್ಕೆ ಅವನನ್ನು ಮೆಚ್ಚಬೇಕು. ಆದರೆ ಬರೆದದ್ದು ಎಂಬ ಮಾತ್ರಕ್ಕೆ ಅದರ ತೂಕ ಕಡಿಮೆಯಾಗುವುದಿಲ್ಲ. ಹತ್ತು ವರ್ಷದ ಹಿಂದೆ ಇದೇ ಸಾಲುಗಳನ್ನು ಇದೇ ಮೇಜಿನಲ್ಲಿ ಒಬ್ಬ ಕಾಲೇಜು ಆಟಗಾರ್ತಿ ಹೇಳಿದ್ದರೆ ಯಾರಿಗೂ ನಗು ಬರುತ್ತಿರಲಿಲ್ಲ. ಅವಳು ಯಾರೆಂದೇ ಜನಕ್ಕೆ ಗೊತ್ತಿರುತ್ತಿರಲಿಲ್ಲ.

ಹೆಂಗಸರ ಆಟದ ಮೇಲಿನ ಜೋಕುಗಳೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಅದನ್ನು ಯಾರು ನೋಡುತ್ತಾರೆ? ಈ ನಂಬಿಕೆಯನ್ನು ಬೆಳೆಸಿದ್ದರಲ್ಲಿ ಟೆಲಿವಿಷನ್ನಿನ ಪಾಲು ದೊಡ್ಡದು. ಸಮಾಜಶಾಸ್ತ್ರಜ್ಞರಾದ ಚೆರಿಲ್ ಕುಕಿ, ಮೈಕೆಲ್ ಮೆಸ್ನರ್ ಮತ್ತು ಸಂಗಡಿಗರ ಅಧ್ಯಯನ ಮೂವತ್ತು ವರ್ಷ ಅಮೆರಿಕದ ಟಿವಿ ಕ್ರೀಡಾಸುದ್ದಿಯನ್ನು ಅಳೆದು ನೋಡಿತು. 1989ರಲ್ಲಿ ಹೆಂಗಸರ ಆಟಕ್ಕೆ ಸಿಕ್ಕ ಸಮಯ ಶೇ 5ರಷ್ಟು. 2019ರಲ್ಲಿ ಅದು ಶೇ 5.4. ಮೂವತ್ತು ವರ್ಷದಲ್ಲಿ ಆಡುವವರ ಸಂಖ್ಯೆ ಎಷ್ಟೋ ಪಟ್ಟು ಏರಿತು, ತೋರಿಸುವವರ ಮನಸ್ಸು ಇದ್ದಲ್ಲೇ ಇತ್ತು. ತೋರಿಸದೆ ಬಿಟ್ಟು, ಆಮೇಲೆ ಯಾರೂ ನೋಡುವುದಿಲ್ಲ ಎಂದು ನಗುವುದು! 2021ರ ಮಾರ್ಚಿನಲ್ಲಿ ಕೋವಿಡ್ ನಡುವೆ ಕಾಲೇಜು ಟೂರ್ನಿಗಳು ನಡೆದಾಗ ಆರೆಗಾನ್ ತಂಡದ ಆಟಗಾರ್ತಿ ಸೆಡೋನಾ ಪ್ರಿನ್ಸ್ ತನ್ನ ಫೋನಿನಲ್ಲಿ ಒಂದು ವಿಡಿಯೊ ಮಾಡಿ ಹಾಕಿದಳು. ಹುಡುಗರಿಗೆ ಹಾಲ್ ತುಂಬ ವ್ಯಾಯಾಮದ ಸಲಕರಣೆ, ಹುಡುಗಿಯರ ಪಾಲಿಗೆ ಒಂದು ಮೂಲೆಯಲ್ಲಿ ಡಂಬೆಲ್‌ಗಳ ಒಂದು ಸಣ್ಣ ಗೂಡು. ಜಾಗವಿಲ್ಲ ಎಂಬ ಸಬೂಬು ಬಂತು. ಅವಳು ಕ್ಯಾಮೆರಾ ತಿರುಗಿಸಿ ಖಾಲಿ ಬಿದ್ದಿದ್ದ ಜಾಗವನ್ನೂ ತೋರಿಸಿದಳು. ‘ಮಾರ್ಚ್ ಮ್ಯಾಡ್‌ನೆಸ್’ ಎಂಬ ಗಂಡಸರ ಟೂರ್ನಿಯ ಹೆಸರನ್ನು ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಹೆಂಗಸರ ಟೂರ್ನಿಗೂ ಬಳಸತೊಡಗಿದ್ದು ಅದರ ಮರುವರ್ಷ, 2022ರಲ್ಲಿ.

ಚೇ ಏಪ್ರನ್ನಿನ ಜೋಕು ಹೇಳುವ ಆರು ದಿನ ಮುಂಚೆ, ಏಪ್ರಿಲ್ 7ರಂದು, ಕ್ಲೀವ್‌ಲೆಂಡಿನಲ್ಲಿ ಹೆಂಗಸರ ಫೈನಲ್ ನಡೆದಿತ್ತು. ಐಯೊವಾ 75, ಸೌತ್ ಕ್ಯಾರೊಲೈನಾ 87. ಕ್ಲಾರ್ಕ್ ಸೋತಳು. ಆದರೆ ಆ ಪಂದ್ಯವನ್ನು ಸರಾಸರಿ 1 ಕೋಟಿ 89 ಲಕ್ಷದಷ್ಟು ಜನ ನೋಡಿದರು. ಮರುದಿನದ ಗಂಡಸರ ಫೈನಲ್ ನೋಡಿದವರು ಸುಮಾರು 1 ಕೋಟಿ 48 ಲಕ್ಷ. ಇತಿಹಾಸದಲ್ಲಿ ಹೀಗಾದದ್ದು ಅದೇ ಮೊದಲು. ಹೆಂಗಸರ ಪಂದ್ಯ ಎಲ್ಲರ ಮನೆಗೂ ಬರುವ ಚಾನೆಲ್ಲಿನಲ್ಲಿತ್ತು, ಗಂಡಸರದು ಕೇಬಲ್ಲಿನಲ್ಲಿತ್ತು, ಅದನ್ನೂ ಹೇಳಬೇಕು. ಹೇಳಿದರೆ ಗೊತ್ತಾಗುವುದೂ ಅದೇ: ಎಲ್ಲರಿಗೂ ಕಾಣುವ ಜಾಗದಲ್ಲಿ ಇಟ್ಟರೆ ಜನ ನೋಡುತ್ತಾರೆ. ಹೀಗೆ ಜೋಕಿನ ಬುಡವೇ ಕಳಚಿತ್ತು. ಕ್ಲಾರ್ಕ್ ಬಂದು ಅದನ್ನು ಎಲ್ಲರೆದುರು ತೋರಿಸಿಕೊಟ್ಟಳು.

ಆದರೆ ನಾನು ಈ ತುಣುಕನ್ನು ಮತ್ತೆ ಮತ್ತೆ ನೋಡುವುದು ಏಪ್ರನ್ನಿಗಾಗಿ ಅಲ್ಲ. ಕೊನೆಯ ಅರ್ಧ ನಿಮಿಷಕ್ಕಾಗಿ. ನಗು ಇಳಿದ ಮೇಲೆ ಕ್ಲಾರ್ಕ್ ದನಿ ಬದಲಿಸಿದಳು. ಇನ್ನೆರಡು ದಿನದಲ್ಲಿ ತಾನು ವೃತ್ತಿಪರ ಲೀಗಿಗೆ ಹೆಜ್ಜೆ ಇಡುತ್ತಿದ್ದೇನೆ, ತನಗದು ದೊಡ್ಡ ಹೆಜ್ಜೆ, ಲೀಗಿಗೆ ಮಾತ್ರ ಒಂದೇ ಒಂದು ಹೆಜ್ಜೆ ಎಂಬರ್ಥದ ಮಾತಾಡಿ, ಐದು ಹೆಸರು ಹೇಳಿದಳು. ಶೆರಿಲ್ ಸ್ವೂಪ್ಸ್. ಲೀಸಾ ಲೆಸ್ಲಿ. ಸಿಂಥಿಯಾ ಕೂಪರ್. ಡಾನ್ ಸ್ಟೇಲಿ. ಕೊನೆಗೆ ತನ್ನ ಆರಾಧ್ಯ ಆಟಗಾರ್ತಿ ಮಾಯಾ ಮೂರ್. ಬಾಗಿಲು ಒದ್ದು ತೆರೆದವರು ಅವರು, ನಾನು ಒಳಗೆ ನಡೆದು ಬಂದವಳು ಎಂದಳು.

ಹೊಸಬರಿಗೆ ಅದು ಸಭಾಮರ್ಯಾದೆಯ ಧನ್ಯವಾದವಾಗಿ ಕೇಳಿಸಿರಬಹುದು. ಆಟ ಬಲ್ಲವರಿಗೆ ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕಥೆಯಿತ್ತು. ಸ್ವೂಪ್ಸ್ 1993ರ ಕಾಲೇಜು ಫೈನಲ್ಲಿನಲ್ಲಿ ಒಬ್ಬರೇ 47 ಅಂಕ ಹೊಡೆದು ಟೆಕ್ಸಸ್ ಟೆಕ್ ತಂಡವನ್ನು ಗೆಲ್ಲಿಸಿದವರು. ತನ್ನ ಹೆಸರಿನ ಶೂ ಮಾರುಕಟ್ಟೆಗೆ ಬಂದ ಮೊದಲ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ. ಇದೇ ಸ್ವೂಪ್ಸ್ 2024ರ ಫೆಬ್ರವರಿಯಲ್ಲಿ, ಕ್ಲಾರ್ಕ್ ಕೋವಿಡ್‌ನ ಕಾರಣಕ್ಕೆ ಆಟಗಾರರಿಗೆ ಸಿಕ್ಕ ಹೆಚ್ಚುವರಿ ವರ್ಷವನ್ನು ಬಳಸಿಕೊಂಡು ದಾಖಲೆ ಮುರಿಯುತ್ತಿದ್ದಾಳೆ ಎಂದುಬಿಟ್ಟಿದ್ದರು. ಅದು ನಿಜವಾಗಿರಲಿಲ್ಲ, ಕ್ಲಾರ್ಕ್ ಆಡುತ್ತಿದ್ದದ್ದು ನಾಲ್ಕನೇ ವರ್ಷವೇ. ಅಭಿಮಾನಿಗಳು ಸ್ವೂಪ್ಸ್ ಮೇಲೆ ಕೆಂಡ ಕಾರಿದ್ದರು. ಸುಮಾರು ಎರಡು ತಿಂಗಳಾದ ಮೇಲೆ ಕ್ಲಾರ್ಕ್ ಮೊದಲು ಹೇಳಿದ ಹೆಸರೇ ಅದು. ಚುಚ್ಚುಮಾತಿಗೆ ಪ್ರತಿಯಾಗಿ ಚುಚ್ಚಲು ಬಂದ ಹುಡುಗಿ, ಎಲ್ಲಿ ಚುಚ್ಚಬಾರದೋ ಅಲ್ಲಿ ತಲೆ ಬಾಗಿದಳು. ಅವಳ ಪರವಾಗಿ ಜಗಳಕ್ಕೆ ನಿಂತಿದ್ದ ಎಷ್ಟೋ ಅಭಿಮಾನಿಗಳಿಗೆ ಅದು ಕಲಿಸಿದ ಪಾಠವೂ ಆಯಿತು.

ಡಾನ್ ಸ್ಟೇಲಿಯ ಹೆಸರು ಇನ್ನೂ ಸೋಜಿಗದ್ದು. ಆರು ದಿನದ ಹಿಂದೆ ಕ್ಲಾರ್ಕ್ ತಂಡವನ್ನು ಸೋಲಿಸಿದ ಸೌತ್ ಕ್ಯಾರೊಲೈನಾದ ಕೋಚ್ ಅವರೇ. ಆ ಗೆಲುವಿನೊಂದಿಗೆ ಅವರ ತಂಡ 38 ಪಂದ್ಯ ಆಡಿ ಒಂದನ್ನೂ ಸೋಲದೆ ಋತು ಮುಗಿಸಿತ್ತು. ಅದರ ಹಿಂದಿನ ವರ್ಷ ಸೆಮಿಫೈನಲ್ಲಿನಲ್ಲಿ ಕ್ಲಾರ್ಕ್ 41 ಅಂಕ ಹೊಡೆದು ಸ್ಟೇಲಿಯ ತಂಡದ ಸತತ 42 ಗೆಲುವಿನ ಓಟ ತಡೆದಿದ್ದಳು. ಹೀಗೆ ಕೊಟ್ಟು ಕೊಂಡ ಇಬ್ಬರು. ಸೋಲಿನ ಗಾಯ ಹಸಿಯಾಗಿರುವಾಗಲೇ ಗೆದ್ದವರನ್ನು ನೆನೆಯುವುದು ಸುಲಭವಲ್ಲ.

ಸಿಂಥಿಯಾ ಕೂಪರ್ ಕಾಲೇಜು ಮುಗಿಸಿದಾಗ ಅಮೆರಿಕದಲ್ಲಿ ಆಡಲು ಲೀಗೇ ಇರಲಿಲ್ಲ. ಸ್ಪೇನ್, ಇಟಲಿಗಳಲ್ಲಿ ಹತ್ತು ವರ್ಷ ದುಡಿದು, 1997ರಲ್ಲಿ ಹೆಂಗಸರ ವೃತ್ತಿಪರ ಲೀಗ್ ಆದ ಡಬ್ಲ್ಯುಎನ್‌ಬಿಎ ಶುರುವಾದಾಗ ಮೂವತ್ತು ದಾಟಿದ ವಯಸ್ಸಿನಲ್ಲಿ ತಾಯ್ನೆಲಕ್ಕೆ ಬಂದು, ಮೊದಲ ವರ್ಷವೇ ಲೀಗಿನ ಶ್ರೇಷ್ಠ ಆಟಗಾರ್ತಿಯಾದರು. ಲೀಸಾ ಲೆಸ್ಲಿ 2002ರಲ್ಲಿ ಆ ಲೀಗಿನ ಮೊದಲ ಡಂಕ್ ಮಾಡಿದವರು, ಅಂದರೆ ಜಿಗಿದು ಚೆಂಡನ್ನು ನೇರ ಬುಟ್ಟಿಯೊಳಗೆ ತುರುಕಿದವರು. ಮಾಯಾ ಮೂರ್ ಮಿನೆಸೋಟಾ ಲಿಂಕ್ಸ್ ತಂಡಕ್ಕೆ ನಾಲ್ಕು ಪ್ರಶಸ್ತಿ ತಂದುಕೊಟ್ಟು, ಆಟದ ಉತ್ತುಂಗದಲ್ಲಿರುವಾಗಲೇ ಅಂಗಳ ಬಿಟ್ಟು, ತಪ್ಪಾಗಿ ಶಿಕ್ಷೆಗೊಳಗಾಗಿದ್ದ ಜೊನಾಥನ್ ಐರನ್ಸ್ ಎಂಬಾತನ ಬಿಡುಗಡೆಗೆ ಹೋರಾಡಿದರು. 2020ರಲ್ಲಿ ಆತ ಹೊರಬಂದ. ಮಿನೆಸೋಟಾ ಐಯೊವಾದ ಪಕ್ಕದ ರಾಜ್ಯ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಲಿಂಕ್ಸ್ ಪಂದ್ಯ ನೋಡಲು ಹೋಗಿದ್ದ ಕ್ಲಾರ್ಕ್, ಮೂರ್ ಕಂಡೊಡನೆ ಓಡಿ ಹೋಗಿ ತಬ್ಬಿಕೊಂಡಳಂತೆ. ಆ ಒಂದು ಗಳಿಗೆ ತನ್ನ ಬದುಕಿನಲ್ಲಿ ಎಷ್ಟು ದೊಡ್ಡದು ಎಂದು ಅವಳೇ ಹೇಳಿಕೊಂಡಿದ್ದಾಳೆ. ತನ್ನನ್ನು ನೋಡಲು ಬರುವ ಮಕ್ಕಳಿಗೆ ಸಹಿ ಹಾಕುತ್ತ ನಿಲ್ಲುವುದಕ್ಕೂ ಅದೇ ಕಾರಣ ಎಂದಿದ್ದಾಳೆ.

ಐವರೂ ಕಪ್ಪು ಹೆಂಗಸರು ಎಂಬುದನ್ನು ಅಮೆರಿಕದ ಅಭಿಮಾನಿಗಳು ಗಮನಿಸದೆ ಇರಲಿಲ್ಲ. ಕಪ್ಪು ಆಟಗಾರ್ತಿಯರೇ ಹೆಚ್ಚಾಗಿ ಕಟ್ಟಿದ ಆಟಕ್ಕೆ, ಒಬ್ಬ ಬಿಳಿ ಹುಡುಗಿ ಬಂದಮೇಲೆ ದೇಶ ಕಣ್ಣು ತೆರೆಯಿತಲ್ಲ ಎಂಬ ನೋವು ಅಲ್ಲಿ ನಿಜವಾದದ್ದು. 2023ರ ಫೈನಲ್ಲಿನಲ್ಲಿ ಐಯೊವಾವನ್ನು ಸೋಲಿಸಿದ ಎಲ್‌ಎಸ್‌ಯು ತಂಡದ ಏಂಜೆಲ್ ರೀಸ್, ಕ್ಲಾರ್ಕ್ ತಾನೇ ಹಿಂದೆ ಮಾಡಿದ್ದ ಕೈಸನ್ನೆಯನ್ನು ಅವಳಿಗೇ ಮಾಡಿ ತೋರಿಸಿದಾಗ, ಕ್ಲಾರ್ಕ್ ಮಾಡಿದರೆ ಛಲ, ರೀಸ್ ಮಾಡಿದರೆ ಸೊಕ್ಕು ಎಂದವರು ಬಹಳ ಜನ. ಆಗ ರೀಸ್ ಪರ ಮಾತಾಡಿದವರಲ್ಲಿ ಸ್ವತಃ ಕ್ಲಾರ್ಕ್ ಒಬ್ಬಳು. ಆ ಐದು ಹೆಸರು ಕೇಳಿ ಕೆಲವರು ಸಮಾಧಾನಪಟ್ಟರು, ಕೆಲವರು ಇಷ್ಟರಿಂದ ಏನೂ ಆಗದು ಎಂದರು. ಎರಡನೆಯವರ ಮಾತನ್ನೂ ನಾನು ತಳ್ಳಿಹಾಕಲಾರೆ. ಆದರೆ ಅರ್ಧ ನಿಮಿಷದ ಅವಕಾಶದಲ್ಲಿ, ತನ್ನದೇ ಮೆರವಣಿಗೆ ನಡೆಯುತ್ತಿರುವಾಗ, ಅವಳು ಬೆರಳು ತೋರಿದ್ದು ಸರಿಯಾದ ಕಡೆಗೇ. ಅದೇ ವರ್ಷದ ಡಿಸೆಂಬರಿನಲ್ಲಿ ‘ಟೈಮ್’ ಪತ್ರಿಕೆ ಅವಳನ್ನು ವರ್ಷದ ಕ್ರೀಡಾಪಟು ಎಂದು ಆರಿಸಿದಾಗ, ಬಿಳಿಯಳಾದ್ದರಿಂದ ತನಗೆ ಸಿಗುವ ಅನುಕೂಲವನ್ನೂ, ಈ ಲೀಗನ್ನು ಕಟ್ಟಿದ್ದು ಕಪ್ಪು ಆಟಗಾರ್ತಿಯರು ಎಂಬುದನ್ನೂ ಬಾಯಿಬಿಟ್ಟು ಹೇಳಿದಳು. ಅದಕ್ಕೆ ಬೇರೆ ದಿಕ್ಕಿನಿಂದ ಬೈಗುಳವನ್ನೂ ತಿಂದಳು.

ಇಲ್ಲಿ ಐಯೊವಾದ ಒಂದು ಹಳೆಯ ಕಥೆ ಹೇಳಲೇಬೇಕು. ಹೆಂಗಸರ ಬ್ಯಾಸ್ಕೆಟ್‌ಬಾಲನ್ನು ಜನ ಕ್ಲಾರ್ಕ್‌ಳಿಂದಲೇ ನೋಡತೊಡಗಿದರು ಎಂಬ ಮಾತು ಆ ರಾಜ್ಯದ ಮಟ್ಟಿಗಂತೂ ಸುಳ್ಳು. ಅಲ್ಲಿನ ಶಾಲೆಗಳಲ್ಲಿ ಹುಡುಗಿಯರು 1993ರವರೆಗೂ ಒಂದು ವಿಚಿತ್ರ ಆಟ ಆಡುತ್ತಿದ್ದರು. ತಂಡಕ್ಕೆ ಆರು ಜನ. ಮೂವರು ಎದುರಾಳಿಯ ಬುಟ್ಟಿಯ ಕಡೆ, ಮೂವರು ತಮ್ಮ ಬುಟ್ಟಿಯ ಕಡೆ. ನಡುವಿನ ಗೆರೆ ದಾಟುವಂತಿಲ್ಲ. ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ. ಹುಡುಗಿಯರ ದೇಹ ಇಡೀ ಅಂಗಳದ ಓಟ ತಾಳದು ಎಂದು ನಂಬಿದ್ದ ಕಾಲದ ಕಟ್ಟಳೆ ಇದು. ಆದರೆ ಸಣ್ಣ ಊರುಗಳ ಜನ ಈ ಆಟಕ್ಕೆ ಪ್ರಾಣ ಬಿಡುತ್ತಿದ್ದರು. ದಿ ಮೊಯ್ನ್‌ನಲ್ಲಿ ರಾಜ್ಯ ಟೂರ್ನಿ ಬಂತೆಂದರೆ ಸಭಾಂಗಣ ಕಿಕ್ಕಿರಿಯುತ್ತಿತ್ತು. 1968ರ ಫೈನಲ್ಲಿನಲ್ಲಿ ಯೂನಿಯನ್-ವಿಟನ್ ಶಾಲೆ ಹೆಚ್ಚುವರಿ ಅವಧಿಯಲ್ಲಿ ಎವರ್ಲಿ ಶಾಲೆಯನ್ನು 113-107ರಿಂದ ಸೋಲಿಸಿತು. ಸೋತ ತಂಡದ ಜನೆಟ್ ಓಲ್ಸನ್ 76 ಅಂಕ, ಗೆದ್ದ ತಂಡದ ಡೆನಿಸ್ ಲಾಂಗ್ 64.

ಈ ಡೆನಿಸ್ ಲಾಂಗ್‌ಳನ್ನು 1969ರಲ್ಲಿ ಗಂಡಸರ ಎನ್‌ಬಿಎಯ ಸ್ಯಾನ್ ಫ್ರಾನ್ಸಿಸ್ಕೊ ವಾರಿಯರ್ಸ್ ತಂಡ, ಹೊಸ ಆಟಗಾರರನ್ನು ತಂಡಗಳು ಹಂಚಿಕೊಳ್ಳುವ ಡ್ರಾಫ್ಟಿನಲ್ಲಿ, ಆರಿಸಿತು. ಲೀಗಿನ ಕಮಿಷನರ್ ವಾಲ್ಟರ್ ಕೆನೆಡಿ ಅದನ್ನು ಅಸಿಂಧು ಎಂದರು. ದೇಶವೆಲ್ಲ ಅವಳ ಬಗ್ಗೆ ಮಾತಾಡಿತು. ತಡರಾತ್ರಿಯ ಟಿವಿ ಅವಳನ್ನೂ ಕರೆಯಿತು. ಜಾನಿ ಕಾರ್ಸನ್ ನಡೆಸುತ್ತಿದ್ದ ‘ಟುನೈಟ್ ಶೋ’ದಲ್ಲಿ ಐಯೊವಾದ ಹಳ್ಳಿಯ ಆ ಹುಡುಗಿ ಕೂತು ಬಂದಳು. ಆಮೇಲೆ? ಆಮೇಲೆ ಏನೂ ಇರಲಿಲ್ಲ. ವಾರಿಯರ್ಸ್ ಮಾಲೀಕ ಫ್ರಾಂಕ್ಲಿನ್ ಮ್ಯೂಲಿ ತನ್ನ ತಂಡದ ಪಂದ್ಯಕ್ಕೆ ಮುಂಚೆ ಹೆಂಗಸರ ಆಟ ಏರ್ಪಡಿಸಿದ, ಲಾಂಗ್ ಅಲ್ಲಿ ಸ್ವಲ್ಪ ಕಾಲ ಆಡಿದಳು. ಹೆಣ್ಣುಮಕ್ಕಳ ಕಾಲೇಜು ಆಟಕ್ಕೆ ಸಮಪಾಲು ಕೇಳುವ ಹಕ್ಕು ಕೊಟ್ಟ ಟೈಟಲ್ ನೈನ್ ಕಾನೂನು ಬಂದದ್ದು 1972ರಲ್ಲಿ. ದೇಶದ ಮೊದಲ ವೃತ್ತಿಪರ ಮಹಿಳಾ ಲೀಗ್ 1978ರಲ್ಲಿ ಶುರುವಾಗಿ ಮೂರೇ ಋತುವಿನಲ್ಲಿ ಮುಚ್ಚಿತು. ಅಷ್ಟು ಪ್ರತಿಭೆಯ ಲಾಂಗ್ ಊರಿಗೆ ಮರಳಿ ಔಷಧ ಶಾಸ್ತ್ರ ಓದಿ ಫಾರ್ಮಸಿಸ್ಟ್ ಆದಳು. ಅದು ಒಳ್ಳೆಯ ಕೆಲಸವೇ. ಆದರೆ ಅವಳು ಆಡಬಹುದಾಗಿದ್ದ ಆಟವನ್ನು ಯಾರೂ ನೋಡಲೇ ಇಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಒಂದೇ ರಾಜ್ಯ, ಅಂಥದೇ ತಡರಾತ್ರಿಯ ಕಾರ್ಯಕ್ರಮ, ನಡುವೆ ಅರ್ಧ ಶತಮಾನ. ಕ್ಲಾರ್ಕ್ ಆ ಮೇಜಿನಿಂದ ಎದ್ದ ಎರಡೇ ದಿನಕ್ಕೆ, ಏಪ್ರಿಲ್ 15ರಂದು ಬ್ರೂಕ್ಲಿನ್‌ನಲ್ಲಿ ನಡೆದ ಡ್ರಾಫ್ಟಿನಲ್ಲಿ ಇಂಡಿಯಾನಾ ಫೀವರ್ ತಂಡ ಅವಳನ್ನು ಎಲ್ಲರಿಗಿಂತ ಮೊದಲು ಆರಿಸಿತು. ಬರೀ ಹೆಸರು ಓದುವ ಆ ಸಮಾರಂಭವನ್ನು ನೋಡಿದವರೇ 24 ಲಕ್ಷಕ್ಕೂ ಮಿಕ್ಕಿದ್ದರು. ಇಬ್ಬರಲ್ಲಿ ಯಾರು ಹೆಚ್ಚು ಜಾಣೆ, ಯಾರು ಹೆಚ್ಚು ಚುರುಕು ಎಂಬುದಲ್ಲ ವ್ಯತ್ಯಾಸ. ಕ್ಲಾರ್ಕ್‌ಗೆ ಮರುದಿನ ಹೋಗಲು ಒಂದು ಲೀಗ್ ಇತ್ತು, ಲಾಂಗ್‌ಗೆ ಇರಲಿಲ್ಲ. ಆ ಲೀಗನ್ನು ಇರುವಂತೆ ಮಾಡಿದವರು ಯಾರು ಎಂಬುದಕ್ಕೆ ಉತ್ತರವೇ ಆ ಐದು ಹೆಸರು.

ಹಾಗೆಂದು ಎಲ್ಲ ಸರಿಯಾಯಿತು ಎಂದಲ್ಲ. ಡ್ರಾಫ್ಟಿನ ಮರುದಿನವೇ ಅಭಿಮಾನಿಗಳ ಸಂತಸ ಸಿಟ್ಟಿಗೆ ತಿರುಗಿತು. ಮೊದಲ ವರ್ಷಕ್ಕೆ ಅವಳ ಸಂಬಳ 76,535 ಡಾಲರ್ ಎಂಬುದು ಹೊರಬಿದ್ದಿತ್ತು. ಗಂಡಸರ ಲೀಗಿನಲ್ಲಿ ಮೊದಲು ಆಯ್ಕೆಯಾದವನಿಗೆ ಅದೇ ಮೊದಲ ವರ್ಷ ಸಿಗುವುದು ಒಂದು ಕೋಟಿ ಡಾಲರಿಗೂ ಹೆಚ್ಚು. ಗಂಡಸರ ಲೀಗಿನ ಆದಾಯ ಎಷ್ಟೋ ಪಟ್ಟು ದೊಡ್ಡದು, ನಿಜ. ಆದರೂ ಅಂಗಳ ತುಂಬಿಸುವ ಆಟಗಾರ್ತಿಯ ದುಡಿಮೆಗೆ ಕಟ್ಟಿದ ಬೆಲೆ ತೀರಾ ಕಡಿಮೆ ಎಂದೇ ನನ್ನ ಅಭಿಪ್ರಾಯ. ಶೂ ಮತ್ತು ಜಾಹೀರಾತಿನಿಂದ ಕ್ಲಾರ್ಕ್‌ಗೆ ಕೋಟಿಗಟ್ಟಲೆ ಬರುತ್ತದೆ, ಅವಳ ಜೊತೆ ಆಡುವ ಹನ್ನೊಂದನೇ ಆಟಗಾರ್ತಿಗೆ ಬರುವುದಿಲ್ಲ. ಲೀಗಿನ ತಂಡಗಳು ಎಲ್ಲ ಪಂದ್ಯಗಳಿಗೂ ತಮ್ಮದೇ ವಿಶೇಷ ವಿಮಾನದಲ್ಲಿ ಹೋಗಿಬರುವ ವ್ಯವಸ್ಥೆ ಆದದ್ದು ಕೂಡ 2024ರಲ್ಲೇ. ಅಲ್ಲಿಯವರೆಗೆ ಆರೂವರೆ ಅಡಿಯ ಆಟಗಾರ್ತಿಯರು ಸಾಮಾನ್ಯ ವಿಮಾನದ ಇಕ್ಕಟ್ಟಿನ ಸೀಟಿನಲ್ಲಿ ಮಂಡಿ ಮಡಿಸಿ ಕೂತು ಮರುದಿನ ಆಡುತ್ತಿದ್ದರು. 2025ರ ಜುಲೈಯಲ್ಲಿ ಇಂಡಿಯಾನಾಪೊಲಿಸ್‌ನ ಆಲ್-ಸ್ಟಾರ್ ಪಂದ್ಯಕ್ಕೆ ಆಟಗಾರ್ತಿಯರು ನಮಗೆ ಸಲ್ಲಬೇಕಾದ್ದನ್ನು ಕೊಡಿ ಎಂದು ಬರೆದ ಅಂಗಿ ತೊಟ್ಟೇ ಅಂಗಳಕ್ಕಿಳಿದರು.

ಇದೆಲ್ಲದರ ನಡುವೆ ಕ್ಲಾರ್ಕ್ ಲೀಗಿನ ತನ್ನ ಮೊದಲ ಋತುವಿನಲ್ಲಿ 337 ಅಸಿಸ್ಟ್ ಮಾಡಿದಳು. ಅಲ್ಲಿಯವರೆಗೆ ಒಂದು ಋತುವಿನಲ್ಲಿ ಲೀಗಿನ ಯಾರೂ ಅಷ್ಟು ಮಾಡಿರಲಿಲ್ಲ. ಅಸಿಸ್ಟ್ ಎಂದರೆ ಬೇರೊಬ್ಬರು ಅಂಕ ಗಳಿಸುವಂತೆ ಕೊಟ್ಟ ಪಾಸ್. ದೂರದಿಂದ ಗುರಿ ಹೊಡೆಯುವವಳು ಎಂದೇ ಹೆಸರಾದವಳ ಲೆಕ್ಕಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಅಂಕಿ ಇದು.

ಆ ರಾತ್ರಿಯ ತುಣುಕು ಈಗಲೂ ಸುಲಭವಾಗಿ ಸಿಗುತ್ತದೆ. ನೋಡಿ, ನಗಿ. ಆಮೇಲೆ ಅಲ್ಲಿಗೇ ನಿಲ್ಲಿಸದೆ ಅವಳು ಹೇಳಿದ ಹೆಸರುಗಳನ್ನು ಹುಡುಕಿ. ಮೊದಲಿಗೆ 1993ರ ಫೈನಲ್ಲಿನಲ್ಲಿ ಸ್ವೂಪ್ಸ್ ಆಡಿದ ಆಟ ನೋಡಿ. ಮನೆಯಲ್ಲಿ ಆಡುವ ಹುಡುಗಿಯರಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.